ಪರಿವಿಡಿಯಿಂದ ಮುಖಪುಟಕ್ಕೆ: ಕಾಲೇಜು ಸಂಚಿಕೆ ರೂಪಿಸಿದ ನನ್ನ ಅನುಭವ

ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ನಾನು ಕನ್ನಡ ಅಧ್ಯಾಪಕ. ಕನ್ನಡ ಕಲಿಸುವವನಿಗೆ ಸಂಚಿಕೆ ತರುವುದೂ ಬರುತ್ತದೆ ಎಂಬುದು ಕಾಲೇಜುಗಳಲ್ಲಿ ಬಹಳ ಹಿಂದಿನಿಂದ ಬಂದಿರುವ ನಂಬಿಕೆ. ಅದರಿಂದಾಗಿ 2017ರಲ್ಲಿ ವಾರ್ಷಿಕ ಸಂಚಿಕೆಯ ಹೊಣೆ ನನ್ನ ಹೆಗಲಿಗೆ ಬಿತ್ತು. ಬರಹಗಳನ್ನು ಓದಿ ತಿದ್ದುವುದು ನನಗೆ ರೂಢಿಯಿದ್ದ ಕೆಲಸ, ಮುಖಪುಟವನ್ನೂ ಪರಿವಿಡಿಯನ್ನೂ ರೂಪಿಸುವುದು ಮಾತ್ರ ಗಂಧಗಾಳಿಯಿಲ್ಲದ ಕೆಲಸ. ಈವರೆಗೆ ಆರು ಸಂಚಿಕೆಗಳನ್ನು ಮಾಡಿದ್ದೇನೆ. ಕಲಿತದ್ದರಲ್ಲಿ ಹೆಚ್ಚಿನದನ್ನು ನನ್ನ ತಪ್ಪುಗಳೇ ಕಲಿಸಿದವಾದ್ದರಿಂದ ಅವುಗಳಿಂದಲೇ ಆರಂಭಿಸುತ್ತೇನೆ.

ಮೊದಲ ವರ್ಷದ ಮುಖಪುಟದಲ್ಲಿ ಹನ್ನೊಂದು ಚಿತ್ರಗಳಿದ್ದವು. ಪ್ರಾಂಶುಪಾಲರು ಕಾಲೇಜಿನ ಕಟ್ಟಡ ಬೇಕೆಂದರು, ಹಿರಿಯ ಸಹೋದ್ಯೋಗಿಯೊಬ್ಬರು ಸರಸ್ವತಿಯಿಲ್ಲದ ಸಂಚಿಕೆ ಎಂಥದ್ದು ಎಂದರು, ವಿದ್ಯಾರ್ಥಿ ಪ್ರತಿನಿಧಿಗಳು ಕಬಡ್ಡಿ ತಂಡದ ಮತ್ತು ಎನ್.ಎಸ್.ಎಸ್. ಶಿಬಿರದ ಫೋಟೊಗಳನ್ನು ತಂದುಕೊಟ್ಟರು. ಯಾರಿಗೂ ಆಗದೆನ್ನುವ ಧೈರ್ಯ ಸಾಲದೆ ಎಲ್ಲವನ್ನೂ ಹಾಕಿದೆ, ಎಲ್ಲವೂ ಹುಣಸೆ ಬೀಜದಷ್ಟಾದವು. ಸಂಚಿಕೆಯ ಹೆಸರು ‘ಸ್ಫೂರ್ತಿ’, ನಾಡಿನ ಎಷ್ಟೋ ಕಾಲೇಜುಗಳು ಇಟ್ಟುಕೊಂಡಿರುವ ಹೆಸರೇ. ಚಿತ್ರಗಳ ಗದ್ದಲದ ನಡುವೆ ಅದು ಎದ್ದು ಕಾಣಲೆಂದು ಫ್ಲೆಕ್ಸ್ ಅಂಗಡಿಯವರ ಪದ್ಧತಿಯಂತೆ ಅಕ್ಷರಗಳಿಗೊಂದು ಬಿಳಿ ಹೊರಗೆರೆ, ಅದರಾಚೆಗೊಂದು ಕೆಂಪು ಹೊರಗೆರೆ, ಕೆಳಗೊಂದು ನೆರಳು ಕೊಟ್ಟೆ. ಪಕಾರಕ್ಕೂ ಫಕಾರಕ್ಕೂ ನಮ್ಮ ಲಿಪಿಯಲ್ಲಿರುವ ವ್ಯತ್ಯಾಸ ಒಂದು ಸಣ್ಣ ಸೀಳು ಮಾತ್ರ, ಒತ್ತಕ್ಷರದಲ್ಲಿ ಅದು ಇನ್ನೂ ಸಣ್ಣದು. ಹೊರಗೆರೆ ಆ ಸೀಳನ್ನು ನುಂಗಿಬಿಟ್ಟಿತು. 600 ಪ್ರತಿಗಳ ಮೇಲೂ ‘ಸ್ಪೂರ್ತಿ’ ಎಂದೇ ಅಚ್ಚಾಯಿತು. ಕನ್ನಡ ಅಧ್ಯಾಪಕನ ಸಂಚಿಕೆಯ ಹೆಸರಿನಲ್ಲೇ ಮಹಾಪ್ರಾಣ ಹೋಯಿತೆಂಬುದನ್ನು ಮೊದಲು ಗುರುತಿಸಿದವರು ಇಂಗ್ಲಿಷ್ ವಿಭಾಗದವರು ಎಂಬುದು ಇಂದಿಗೂ ನನ್ನನ್ನು ಚುಚ್ಚುವ ಸಂಗತಿ. ಮರುವರ್ಷ, ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆಯಾಗಿ ಮನೆಯಲ್ಲಿದ್ದ ಹಿರಿಯ ಬೋರ್ಡ್ ಪೇಂಟರ್ ಒಬ್ಬರಿಂದ ಆ ಎರಡಕ್ಷರವನ್ನು ಕುಂಚದಲ್ಲಿ ಬರೆಸಿದೆ. ಒತ್ತಿನ ಸೀಳನ್ನೂ ಅರ್ಕಾವತ್ತಿನ ಬಾಲವನ್ನೂ ಅವರು ನಾನು ಹೇಳದೆಯೇ ಬಿಡಿಸಿ ಬರೆದರು. ಅದನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿಗಳಂತೆ) ಸ್ಕ್ಯಾನ್ ಮಾಡಿ ಇಂಕ್‌ಸ್ಕೇಪ್ ಎಂಬ ಚಿತ್ರರಚನೆಯ ತಂತ್ರಾಂಶದಲ್ಲಿ ರೇಖೆಗಳಾಗಿ ಪರಿವರ್ತಿಸಿಟ್ಟುಕೊಂಡಿದ್ದೇನೆ. ಅಲ್ಲಿಂದಾಚೆ ಎಲ್ಲ ಮುಖಪುಟಗಳ ಮೇಲೂ ಅದೇ ಬರವಣಿಗೆ, ಹೊರಗೆರೆಯಿಲ್ಲದೆ, ನೆರಳಿಲ್ಲದೆ.

ಎರಡನೆಯ ಪಾಠ ಸಂಚಿಕೆ ಹಂಚಿದ ದಿನ ಸಿಕ್ಕಿತು. ನಾನು ಹಗಲಿರುಳು ತಲೆ ಕೆಡಿಸಿಕೊಂಡಿದ್ದ ಮುಖಪುಟವನ್ನು ವಿದ್ಯಾರ್ಥಿಗಳು ಒಂದು ಕ್ಷಣ ನೋಡಿ ತಿರುಗಿಸಿದರು. ಆಮೇಲೆ ಪುಟ ಮಗುಚುತ್ತಲೇ ಇದ್ದರು. “ಸರ, ನನ್ನ ಹೆಸರು ಎಲ್ಲೈತ್ರಿ?” ಎಂದು ಒಬ್ಬೊಬ್ಬರೇ ಬಂದು ಕೇಳತೊಡಗಿದಾಗ ನಾನು ಪರಿವಿಡಿಯನ್ನು ಅವರ ಕಣ್ಣಿನಿಂದ ಮೊದಲ ಸಲ ನೋಡಿದೆ. ಸಂದೇಶಗಳು, ಸಂಪಾದಕೀಯ, ಸಿಬ್ಬಂದಿಯ ಪಟ್ಟಿ ಎಲ್ಲ ಮುಗಿದು ಅದು 17ನೆಯ ಪುಟದಲ್ಲಿ ಅಡಗಿತ್ತು. ಕ್ರಮಸಂಖ್ಯೆ, ಶೀರ್ಷಿಕೆ, ಲೇಖಕರು, ತರಗತಿ, ಪುಟ ಎಂಬ ಐದು ಅಂಕಣಗಳನ್ನು ಗೆರೆ ಹಾಕಿ ಬೇರ್ಪಡಿಸಿದ್ದರಿಂದ ಹಾಜರಿ ಪುಸ್ತಕದಂತೆ ಕಾಣುತ್ತಿತ್ತು. ಒಬ್ಬಳು ತನ್ನ ಕವನದ ಕ್ರಮಸಂಖ್ಯೆ 37 ಎಂಬುದನ್ನು ಪುಟಸಂಖ್ಯೆ ಎಂದು ತಿಳಿದು 37ನೆಯ ಪುಟ ತೆರೆದು, ಅಲ್ಲಿ ಬೇರೆಯವರ ಲೇಖನ ಕಂಡು ಮುಖ ಸಣ್ಣದು ಮಾಡಿಕೊಂಡು ನಿಂತಿದ್ದಳು. ಮಾರಾಟದ ಪತ್ರಿಕೆಯ ಪರಿವಿಡಿ ಓದುಗನಿಗೆ ಲೇಖನಗಳ ರುಚಿ ಹತ್ತಿಸಬೇಕು. ಕಾಲೇಜು ಸಂಚಿಕೆಯಲ್ಲಿ ಬರೆದವರೇ ಮೊದಲ ಓದುಗರಾದ್ದರಿಂದ ಅಲ್ಲಿ ಹೆಸರು ಸಿಗಬೇಕು. ಈ ಒಂದು ವಿಚಾರ ತಲೆಗೆ ಹೋದ ಮೇಲೆ ಕೆಲಸದ ಕ್ರಮವನ್ನೇ ತಿರುಗುಮುರುಗು ಮಾಡಿದೆ: ಪರಿವಿಡಿ ಮೊದಲು, ಮುಖಪುಟ ಆಮೇಲೆ.

ಆಯ್ಕೆಯಾದ ಪ್ರತಿ ಬರಹದ ಶೀರ್ಷಿಕೆಯನ್ನು ಒಂದೊಂದು ಚೀಟಿಯಲ್ಲಿ ಬರೆದು, ಖಾಲಿ ತರಗತಿಯ ಬೆಂಚುಗಳ ಮೇಲೆ ಹರಡಿ, ವಿದ್ಯಾರ್ಥಿ ಸಂಪಾದಕರೊಂದಿಗೆ ನಿಂತು ನೋಡುವುದು ಈಗ ನಮ್ಮ ಮೊದಲ ಹೆಜ್ಜೆ. ಮೂರನೆಯ ಸಂಚಿಕೆಯಲ್ಲಿ ಹೀಗೆ 84 ಚೀಟಿಗಳನ್ನು ಗುಂಪು ಮಾಡುತ್ತಿದ್ದಾಗ, ಕೌದಿ ಹೊಲಿಯುವ ಅಜ್ಜಿಯ ಬಗ್ಗೆ ಒಂದು, ಭಾಗ್ಯನಗರದ ಮಗ್ಗದ ಬಗ್ಗೆ ಒಂದು, ರೊಟ್ಟಿ ಬಡಿಯುವುದರ ಬಗ್ಗೆ ಎರಡು ಕವನ, ಕಿನ್ನಾಳದ ಗೊಂಬೆಯ ಬಗ್ಗೆ ಒಂದು ಲೇಖನ ಪಕ್ಕಪಕ್ಕದಲ್ಲಿ ಬಂದು ಕುಳಿತವು. ಯಾರೂ ವಿಷಯ ಕೊಟ್ಟಿರಲಿಲ್ಲ, ಆದರೂ ಐದು ಬರಹಗಳಲ್ಲಿ ದುಡಿಯುವ ಕೈಗಳಿದ್ದವು. ಮುಖಪುಟದ ಮೇಲೆ ಒಂದೇ ಒಂದು ಕೈ ಇರಲಿ ಎಂದು ತೀರ್ಮಾನಿಸಲು ಹತ್ತು ನಿಮಿಷ ಸಾಕಾಯಿತು. ಪ್ರಾಂಶುಪಾಲರ ಎದುರು ವಾದಿಸುವಾಗಲೂ ನನ್ನ ಅಭಿರುಚಿಯ ಮಾತೆತ್ತುವ ಪ್ರಸಂಗ ಬರಲಿಲ್ಲ. ಐದು ಚೀಟಿಗಳನ್ನು ಅವರ ಮೇಜಿನ ಮೇಲಿಟ್ಟೆ, ಒಪ್ಪಿದರು. ಕಾಲೇಜಿನ ಕಟ್ಟಡ ಹಿಂಬದಿಯ ಒಳರಕ್ಷಾಪುಟಕ್ಕೆ ಹೋಯಿತು.

ಕಿನ್ನಾಳ ಕೊಪ್ಪಳಕ್ಕೆ ಸಮೀಪದ ಊರು. ಹಗುರ ಮರದಲ್ಲಿ ಕೆತ್ತಿ, ಹುಣಸೆ ಬೀಜದ ಅಂಟು ಮತ್ತು ಮರದ ಪುಡಿ ಸೇರಿದ ಕಿಟ್ಟವನ್ನು ಮೆತ್ತಿ, ಅದರ ಮೇಲೆ ಬಣ್ಣ ಹಚ್ಚುವ ಅಲ್ಲಿನ ಗೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಆ ಊರಿನಿಂದಲೇ ಬರುತ್ತಿದ್ದ ವಿದ್ಯಾರ್ಥಿನಿಯ ಪರಿಚಯದ ಕಲಾವಿದರೊಬ್ಬರ ಒಪ್ಪಿಗೆ ಪಡೆದು, ಅವರು ಬಣ್ಣ ಹಚ್ಚುತ್ತಿದ್ದಾಗ ಕಿಟಕಿಯ ಬೆಳಕಿನಲ್ಲಿ ಮೊಬೈಲಿನಿಂದಲೇ ಅರವತ್ತು ಫೋಟೊ ತೆಗೆದೆವು. ಮನೆಗೆ ಬಂದು ನೋಡಿದರೆ ಒಂದೂ ಮುಖಪುಟಕ್ಕೆ ಒದಗುವಂತಿರಲಿಲ್ಲ. ಎಲ್ಲದರಲ್ಲೂ ಕೈ ಚೌಕಟ್ಟಿನ ತುಂಬ ಇತ್ತು, ಹೆಸರು ಕೂರಿಸಲು ಜಾಗವೇ ಇರಲಿಲ್ಲ. ಮರುದಿನ ಮತ್ತೆ ಹೋಗಿ, ಎರಡು ಹೆಜ್ಜೆ ಹಿಂದೆ ನಿಂತು, ಮೇಲಿನ ಮೂರನೆಯ ಒಂದು ಭಾಗದಲ್ಲಿ ಮಸುಕಾದ ಮಣ್ಣಿನ ಗೋಡೆ ಮಾತ್ರ ಬರುವಂತೆ ತೆಗೆದ ಚಿತ್ರ ಮುಖಪುಟವಾಯಿತು. ಈಗ ಫೋಟೊ ತೆಗೆಯಲು ಹೋಗುವ ಹುಡುಗರಿಗೆ ‘ಸ್ಫೂರ್ತಿ’ ಎಂದು ಬರೆದ ಪಾರದರ್ಶಕ ಹಾಳೆಯೊಂದನ್ನು ಕೊಟ್ಟು ಕಳಿಸುತ್ತೇನೆ; ಮೊಬೈಲಿನ ಪರದೆಯ ಮೇಲೆ ಅದನ್ನು ಹಿಡಿದರೆ ಹೆಸರು ಎಲ್ಲಿ ಬೀಳುತ್ತದೆಂಬುದು ಅಲ್ಲಿಯೇ ತಿಳಿಯುತ್ತದೆ.

ಚಿತ್ರದ ಗಾತ್ರದ ಲೆಕ್ಕವನ್ನು ಮೊದಲೇ ಮಾಡಿಟ್ಟುಕೊಳ್ಳಬೇಕು. ನಮ್ಮದು ಡೆಮಿ 1/4, ಅಂದರೆ ಕತ್ತರಿಸಿದ ಮೇಲೆ ಸುಮಾರು 8.5 × 11 ಇಂಚು. 300 ಡಿಪಿಐನಲ್ಲಿ ಅಚ್ಚಾಗಬೇಕಾದರೆ 2,550 × 3,300 ಪಿಕ್ಸೆಲ್ ಬೇಕು, ಸುತ್ತಲೂ ಕತ್ತರಿಗೆ ಬಿಡುವ 3 ಮಿ.ಮೀ. ಬೇರೆ. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಫೋಟೊ ಆಗಿ ಬಂದ ಚಿತ್ರ ಕುಗ್ಗಿ ಹೋಗಿರುತ್ತದೆ, ಆದ್ದರಿಂದ ಅದನ್ನು ಡಾಕ್ಯುಮೆಂಟ್ ಆಗಿಯೇ ಕಳಿಸಬೇಕೆಂದು ಹುಡುಗರಿಗೆ ಪ್ರತಿವರ್ಷ ಹೇಳಬೇಕಾಗುತ್ತದೆ. ಬಣ್ಣದ್ದು ಇನ್ನೊಂದು ತೊಡಕು. ಕಿನ್ನಾಳದ ಹಸಿರು ನನ್ನ ಪರದೆಯ ಮೇಲೆ ಗಿಳಿಯಂತೆ ಹೊಳೆಯುತ್ತಿತ್ತು. ಮುದ್ರಣಕ್ಕೆ ಬೇಕಾದ ನಾಲ್ಕು ಶಾಯಿಯ ಸಿಎಂವೈಕೆ ಬಣ್ಣಕ್ರಮಕ್ಕೆ ಬದಲಿಸಿದೊಡನೆ ಒಣಗಿದ ಎಲೆಯಾಯಿತು, ಮ್ಯಾಟ್ ಲ್ಯಾಮಿನೇಷನ್ ಬಿದ್ದ ಮೇಲೆ ಇನ್ನಷ್ಟು ಸಪ್ಪಗಾಯಿತು. ಸಂಚಿಕೆ ಅಚ್ಚಾಗುವುದು ಗದಗಿನ ಮುದ್ರಣಾಲಯವೊಂದರಲ್ಲಿ. ಅದೇ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಕದ) ಆರ್ಟ್ ಕಾರ್ಡಿನ ಮೇಲೆ ಒಂದು ಪ್ರತಿ ತೆಗೆಸಿ, ಲ್ಯಾಮಿನೇಷನ್ ಮಾಡಿಸಿ, ಹಗಲಿನ ಬೆಳಕಿನಲ್ಲಿ ನೋಡಿದ ಮೇಲೆಯೇ ಒಪ್ಪಿಗೆ ಕೊಡುವುದನ್ನು ಆ ವರ್ಷದಿಂದ ರೂಢಿಸಿಕೊಂಡೆ. ಬಸ್ಸಿನ ಖರ್ಚು ಮತ್ತು ಅರ್ಧ ದಿನದ ರಜೆ ಅದಕ್ಕೆ ತಕ್ಕ ಬೆಲೆಯೇ.

ಸಂಚಿಕೆಯ ಬೆನ್ನಿನ, ಅಂದರೆ ಹಾಳೆಗಳು ಸೇರುವ ಬದಿಯ ದಪ್ಪದ ಅಳತೆಯಲ್ಲಿ ಆದ ತಪ್ಪು ಸಂಪೂರ್ಣ ನನ್ನದು. ಸಂಚಿಕೆ 96 ಪುಟವಾಗುತ್ತದೆಂದು ಭಾವಿಸಿ, 48 ಹಾಳೆಗಳಿಗೆ ಹಾಳೆಯೊಂದಕ್ಕೆ ಸುಮಾರು 0.1 ಮಿ.ಮೀ.ಯಂತೆ 4.8 ಮಿ.ಮೀ. ಬೆನ್ನು ಬಿಟ್ಟು ಮುಖಪುಟದ ಫೈಲನ್ನು ಮೊದಲೇ ಕೊಟ್ಟುಬಿಟ್ಟೆ. ಆಮೇಲೆ ಬರಹಗಳು ಬೆಳೆದು 128 ಪುಟಗಳಾದವು, ಬಣ್ಣದ ಫೋಟೊಗಳ ಎಂಟು ಆರ್ಟ್ ಪೇಪರ್ ಹಾಳೆಗಳೂ ಸೇರಿದವು. ನಿಜವಾದ ಬೆನ್ನು 7 ಮಿ.ಮೀ. ದಾಟಿತು. ಎರಡು ಮಿ.ಮೀ. ಏನು ಮಹಾ ಎನ್ನಿಸಬಹುದು, ಆದರೆ ಬೆನ್ನಿನ ಮೇಲಿರಬೇಕಾದ ಹೆಸರು ಅಂಚಿಗೆ ಸರಿದು, ಮುಂಬದಿಯ ಚಿತ್ರ ಮಡಿಕೆ ದಾಟಿ ಬೆನ್ನಿಗೆ ಇಳಿದಿತ್ತು. ಒಳಪುಟಗಳ ಕೊನೆಯ ಫಾರಂ (ಒಟ್ಟಿಗೆ ಅಚ್ಚಾಗುವ ಪುಟಗಳ ಕಂತು) ಮುಗಿಯುವವರೆಗೆ ಮುಖಪುಟದ ಫೈಲನ್ನು ನಾನೀಗ ಯಾರಿಗೂ ಕೊಡುವುದಿಲ್ಲ.

ಪರಿವಿಡಿಯ ಪುಟದ ಮೇಲೆ ನಾನು ಕಳೆದ ಹೊತ್ತು ಮುಖಪುಟಕ್ಕಿಂತ ಹೆಚ್ಚು. ಇಂಗ್ಲಿಷಿನ ಮಾದರಿಗಳನ್ನು ನೋಡಿ ಹಾಗೆಯೇ ಮಾಡಲು ಹೋದರೆ ಸಾಗುವುದಿಲ್ಲ: ಅವರಿಗೆ ದೊಡ್ಡಕ್ಷರ ಸಣ್ಣಕ್ಷರಗಳಿವೆ, ಓರೆ ಅಕ್ಷರಗಳಿವೆ, ಅವುಗಳಿಂದಲೇ ಶೀರ್ಷಿಕೆ ಯಾವುದು ಲೇಖಕರು ಯಾರು ಎಂಬುದು ಬೇರೆಯಾಗುತ್ತದೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಇಲ್ಲ, ಕಂಪ್ಯೂಟರ್ ಬಲವಂತವಾಗಿ ಓರೆ ಮಾಡಿದ ಕನ್ನಡ ಅಕ್ಷರ ಬೀಳುತ್ತಿರುವಂತೆ ಕಾಣುತ್ತದೆ. ನಮಗೆ ಉಳಿಯುವುದು ಗಾತ್ರ, ದಪ್ಪ ಮತ್ತು ಖಾಲಿ ಜಾಗ, ಈ ಮೂರೇ. ನಾನು ಬಳಸುವ ಅನೇಕ್ ಕನ್ನಡ ಅಕ್ಷರಶೈಲಿಯಲ್ಲಿ ಹಲವು ದಪ್ಪಗಳೂ ಹಲವು ಅಗಲಗಳೂ ಇರುವುದರಿಂದ, ಹೆಸರನ್ನು ದಪ್ಪದಲ್ಲಿ, ಶೀರ್ಷಿಕೆಯನ್ನು ಸಾಮಾನ್ಯದಲ್ಲಿ, ತರಗತಿಯನ್ನು ಕಿರಿದಾದ ಅಗಲದಲ್ಲಿ ಇಡುತ್ತೇನೆ. ಶೀರ್ಷಿಕೆಗಿಂತ ಹೆಸರೇ ದಪ್ಪವಾಗಿರುವುದು ಪತ್ರಿಕೋದ್ಯಮ ಕಲಿತವರಿಗೆ ವಿಚಿತ್ರವೆನ್ನಿಸಬಹುದು. ಹುಡುಕುವವರು ಯಾರೆಂದು ನೋಡಿದರೆ ವಿಚಿತ್ರವೇನಿಲ್ಲ.

ಶೀರ್ಷಿಕೆಯಿಂದ ಪುಟಸಂಖ್ಯೆಯವರೆಗೆ ಚುಕ್ಕಿಗಳ ಸಾಲು ಎಳೆಯುವ ಪದ್ಧತಿಯನ್ನು ಎರಡು ವರ್ಷ ಪಾಲಿಸಿ ಕೈಬಿಟ್ಟೆ. ಆ ಚುಕ್ಕಿಗಳು ಸಾಲಿನ ಬುಡದಲ್ಲಿಯೇ ಓಡುತ್ತವೆ, ನಮ್ಮ ಒತ್ತಕ್ಷರಗಳೂ ಅಲ್ಲಿಯೇ ನೇತಾಡುತ್ತವೆ. ಎರಡೂ ಸೇರಿ ಪುಟವೆಲ್ಲ ಸಾಸಿವೆ ಚೆಲ್ಲಿದಂತಾಗುತ್ತದೆ. ಪುಟಸಂಖ್ಯೆಯನ್ನೇ ಎಡಕ್ಕೆ, ಶೀರ್ಷಿಕೆಯ ಮುಂದೆ ತಂದು ಕೂರಿಸಿದ ಮೇಲೆ ಚುಕ್ಕಿಗಳ ಅಗತ್ಯವೇ ಉಳಿಯಲಿಲ್ಲ, ಕ್ರಮಸಂಖ್ಯೆಯ ಅಂಕಣವೂ ತಾನಾಗಿ ಹೋಯಿತು. ಸಾಲುಗಳ ನಡುವಿನ ಅಂತರವನ್ನು ಮೊದಲು 12 ಪಾಯಿಂಟ್ ಅಕ್ಷರಕ್ಕೆ 14 ಪಾಯಿಂಟ್ ಇಟ್ಟಿದ್ದಾಗ ‘ರಾಷ್ಟ್ರ’ದ ಎರಡು ಅಂತಸ್ತಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತಿತ್ತು, 18ಕ್ಕೆ ಏರಿಸಿದ ಮೇಲೆ ಸರಿಹೋಯಿತು, ಪರಿವಿಡಿ ಎರಡು ಪುಟದಿಂದ ಮೂರಕ್ಕೆ ಬೆಳೆಯಿತು. ವಿಭಾಗದ ಹೆಸರುಗಳ ಹಿಂದೆ ತಿಳಿ ಬೂದು ಪಟ್ಟಿ ಹಾಕುವ ಆಸೆಯೂ ಇತ್ತು. ಒಳಪುಟಗಳ ಹೊಳಪಿಲ್ಲದ ಮ್ಯಾಪ್ಲಿಥೊ ಕಾಗದದ ಮೇಲೆ ಆ ಬೂದು ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆದು ಅಕ್ಷರಗಳ ಅಂಚನ್ನು ಮಸುಕು ಮಾಡಿದ್ದನ್ನು ಕಂಡು ಬಿಟ್ಟೆ.

ತಂತ್ರಾಂಶದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ವಿದ್ಯಾರ್ಥಿಗಳು ಮೊಬೈಲಿನಲ್ಲಿ ಬೆರಳಚ್ಚಿಸುವುದು ಯೂನಿಕೋಡ್. ಮುದ್ರಣಾಲಯದಲ್ಲಿ ರೂಢಿಯಲ್ಲಿದ್ದದ್ದು ಯೂನಿಕೋಡಿಗೆ ಹೊಂದದ ಹಳೆಯ ಆಸ್ಕಿ ಅಕ್ಷರಗಳು. ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸುವಾಗ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರುವ ತೊಂದರೆ ಬಂದುದರಿಂದ, ಪರಿವಿಡಿಯನ್ನೂ ಮುಖಪುಟವನ್ನೂ ಸ್ಕ್ರೈಬಸ್ ಎಂಬ ಪುಟವಿನ್ಯಾಸದ ತಂತ್ರಾಂಶದಲ್ಲಿ ನಾನೇ ಜೋಡಿಸಿ ಪಿಡಿಎಫ್ ಕೊಡುತ್ತೇನೆ. “ಕರ್ವ್ ಮಾಡಿ ಕಳಸ್ರಿ ಸರ” (ಅಂದರೆ ಅಕ್ಷರಗಳನ್ನು ರೇಖೆಗಳಾಗಿ ಬದಲಿಸಿ) ಎಂದು ಮುದ್ರಣಾಲಯದವರು ಪ್ರತಿ ಸಲವೂ ನೆನಪಿಸುತ್ತಾರೆ.

ಹೆಸರುಗಳ ಪರಿಶೀಲನೆಗೆ ಮಾತ್ರ ಯಾವ ತಂತ್ರಾಂಶವೂ ಒದಗದು. ನಮ್ಮ ಕಡೆ ಬಡಿಗೇರ, ಕಮ್ಮಾರ, ಮೆಣಸಿನಕಾಯಿ, ಉಳ್ಳಾಗಡ್ಡಿ ಎಂಬ ಅಡ್ಡಹೆಸರುಗಳಿವೆ. ಒಬ್ಬರು ‘ಬಡಿಗೇರ’ ಎಂದು ಬರೆದರೆ ಇನ್ನೊಬ್ಬರು ‘ಬಡಿಗೇರ್’ ಎನ್ನುತ್ತಾರೆ, ಮತ್ತೊಬ್ಬರಿಗೆ ತಂದೆಯ ಹೆಸರಿನ ಮೊದಲಕ್ಷರ ನಡುವೆ ಬರಲೇಬೇಕು. ಪ್ರವೇಶ ಪಟ್ಟಿಯಲ್ಲಿರುವಂತೆ ಎಲ್ಲವನ್ನೂ ಏಕರೂಪಗೊಳಿಸಿದ ವರ್ಷ ದೂರುಗಳು ಹೆಚ್ಚಾದವು. ಈಗ ಪರಿವಿಡಿಯ ಕರಡನ್ನು ದೊಡ್ಡ ಅಕ್ಷರಗಳಲ್ಲಿ ಅಚ್ಚು ಹಾಕಿ, ಮೂರು ದಿನ ಸೂಚನಾ ಫಲಕಕ್ಕೆ ಅಂಟಿಸಿ, ಪಕ್ಕದಲ್ಲಿ ದಾರ ಕಟ್ಟಿದ ಕೆಂಪು ಪೆನ್ನೊಂದನ್ನು ನೇತುಹಾಕುತ್ತೇನೆ. ತಂತಮ್ಮ ಹೆಸರನ್ನು ತಾವೇ ತಿದ್ದಿ, ಪಕ್ಕದಲ್ಲಿ ಸಹಿ ಮಾಡಬೇಕು. ಕಳೆದ ಸಲ ಇಪ್ಪತ್ತಕ್ಕೂ ಹೆಚ್ಚು ತಿದ್ದುಪಡಿಗಳಲ್ಲಿ ಅರ್ಧಕ್ಕರ್ಧ ಹೆಸರಿನದಲ್ಲ, ಸೆಮಿಸ್ಟರಿನದು: ಬರಹ ಕೊಟ್ಟಾಗ ಮೂರನೆಯ ಸೆಮಿಸ್ಟರಿನಲ್ಲಿದ್ದವರು ಅಚ್ಚಾಗುವ ಹೊತ್ತಿಗೆ ನಾಲ್ಕನೆಯದರಲ್ಲಿದ್ದರು. ಈಗ ಸೆಮಿಸ್ಟರ್ ಬಿಟ್ಟು ‘ಬಿ.ಎ. ಎರಡನೆಯ ವರ್ಷ’ ಎಂದಷ್ಟೇ ಹಾಕುತ್ತೇವೆ. ಮೂರು ದಿನಗಳಲ್ಲಿ ಪೆನ್ನು ಎರಡು ಸಲ ಕಳುವಾಯಿತು, ಅದನ್ನು ಖರ್ಚಿನಲ್ಲಿ ಸೇರಿಸಿದ್ದೇನೆ.

ಪುಟಸಂಖ್ಯೆಗಳನ್ನು ತುಂಬುವುದು ಎಲ್ಲಕ್ಕಿಂತ ಕೊನೆಗೆ. ತಡವಾಗಿ ಬಂದ ಒಂದು ಸಂದೇಶ ಎರಡು ಪುಟ ತಿಂದರೆ ಅದರಾಚೆಯ ಎಲ್ಲ ಅಂಕಿಗಳೂ ತಪ್ಪುತ್ತವೆ. ಈ ಕಾರಣವನ್ನೇ ಮುಂದಿಟ್ಟು, ಸಂದೇಶಗಳಿಗೆ ಪ್ರತ್ಯೇಕ ಪುಟಸಂಖ್ಯೆ ಬೇಡ, ಅವು ಆರ್ಟ್ ಪೇಪರಿನಲ್ಲಿ ಬಣ್ಣದಲ್ಲಿ ಬರಲಿ ಎಂದು ಪ್ರಾಂಶುಪಾಲರಿಗೆ ಹೇಳಿದೆ. ಬಣ್ಣ ಎಂದೊಡನೆ ಅವರು ಒಪ್ಪಿದರು. ಹೀಗೆ ಕಳೆದ ಸಂಚಿಕೆಯಲ್ಲಿ ಪರಿವಿಡಿ 17ನೆಯ ಪುಟದಿಂದ 3ನೆಯ ಪುಟಕ್ಕೆ ಬಂತು, ಸಂದೇಶಗಳು ನಡುವಿನ ಬಣ್ಣದ ಹಾಳೆಗಳಿಗೆ ಹೋದವು. ಈ ಜೂನ್‌ನಲ್ಲಿ ಅವರಿಗೆ ವರ್ಗವಾಗಿದೆ. ಹೊಸಬರು ಬಂದ ವಾರದಲ್ಲೇ ಹಳೆಯ ಸಂಚಿಕೆಯನ್ನು ತರಿಸಿಕೊಂಡು ತಿರುವಿಹಾಕಿ, ಸಂದೇಶಗಳು ಮೊದಲು ಬರಬೇಕಿತ್ತಲ್ಲವೇ ಎಂದು ಕೇಳಿದ್ದಾರೆ. ನಾನು ಚೀಟಿಗಳನ್ನು ಸಿದ್ಧ ಮಾಡುತ್ತಿದ್ದೇನೆ.