‘ಚೆಂದ ಐತ್ರಿ’ ಅಂದರೆ ಎಷ್ಟು ಅಂಕ?

ಬಳ್ಳಾರಿಯ ಒಂದು ಪದವಿ ಕಾಲೇಜಿನಲ್ಲಿ ಪತ್ರಿಕೋದ್ಯಮ ಪಾಠ ಮಾಡುವ ಅತಿಥಿ ಉಪನ್ಯಾಸಕ ನಾನು. ಅಂತಿಮ ವರ್ಷದ ಪ್ರಾಜೆಕ್ಟ್ ಅಂದರೆ ನಮ್ಮಲ್ಲಿ ಒಂದೇ ಲೆಕ್ಕ: ಸ್ಪೈರಲ್ ಬೈಂಡಿಂಗ್ ಮಾಡಿಸಿದ ಅರವತ್ತು ಪುಟ, ಮೊದಲಿಗೆ ನನಗೊಂದು ಕೃತಜ್ಞತೆ, ಒಳಗೆ ಎಲ್ಲಿಂದಲೋ ಎತ್ತಿದ ಮಾಧ್ಯಮದ ಇತಿಹಾಸ. ಆ ಕಟ್ಟುಗಳನ್ನು ಓದಿ ಓದಿ ಸಾಕಾಗಿ ಒಂದು ವರ್ಷ ಬೇರೆ ಕೆಲಸ ಕೊಟ್ಟೆ. ಎಲ್ಲೂ ಇಲ್ಲದ ಹೊಸ ಧಾರಾವಾಹಿಯೊಂದನ್ನು ಊಹಿಸಿಕೊಳ್ಳಿ, ಅದಕ್ಕೆ ಪ್ರಚಾರ ಮಾಡಿ ತನ್ನಿ ಅಂದೆ.

ಯೋಚನೆ ನನ್ನದಲ್ಲ. ಇಂಗ್ಲೆಂಡಿನ ಓಸಿಆರ್ ಪರೀಕ್ಷಾ ಮಂಡಳಿಯ ಹಳೆಯ ಎ-ಲೆವೆಲ್ (ನಮ್ಮ ಪಿಯುಸಿ ಮಟ್ಟದ) ಮಾಧ್ಯಮ ಪಠ್ಯದಲ್ಲಿ ಇಂಥದ್ದೊಂದು ಕೆಲಸವಿತ್ತು. ಹೊಸ ಸೋಪ್ ಒಪೆರಾಕ್ಕೆ, ಅಂದರೆ ಧಾರಾವಾಹಿಗೆ, ಒಂದು ಟಿವಿ ಟ್ರೇಲರ್, ನಾವು ಪ್ರೋಮೊ ಅನ್ನುವುದು. ಜೊತೆಗೆ ಪೋಸ್ಟರ್, ವೆಬ್‌ಸೈಟಿನ ಮೊದಲ ಪುಟ, ಟಿವಿ ವೇಳಾಪಟ್ಟಿ ಅಚ್ಚಾಗುವ ಪತ್ರಿಕೆಯ ಮುಖಪುಟ, ಈ ಮೂರರಲ್ಲಿ ಎರಡು. ಒಟ್ಟು 100 ಅಂಕ. ಸಂಶೋಧನೆ ಮತ್ತು ತಯಾರಿಗೆ 20, ಟ್ರೇಲರಿಗೆ 40, ಉಳಿದೆರಡಕ್ಕೆ ಹತ್ತತ್ತು, ಕೊನೆಯ 20 ತಮ್ಮ ಕೆಲಸವನ್ನು ತಾವೇ ತೂಗಿ ನೋಡಿದ್ದಕ್ಕೆ. ತೂಗಲು ನಾಲ್ಕು ಪ್ರಶ್ನೆ. ಧಾರಾವಾಹಿ ಅನ್ನುವ ಪ್ರಕಾರದ ರೂಢಿಗಳನ್ನು ಎಲ್ಲಿ ಬಳಸಿದಿರಿ, ಎಲ್ಲಿ ಮುರಿದಿರಿ? ಟ್ರೇಲರೂ ಉಳಿದೆರಡೂ ಸೇರಿ ಎಷ್ಟು ಕೆಲಸ ಮಾಡುತ್ತವೆ? ನೋಡಿದವರಿಂದ ಏನು ಕಲಿತಿರಿ? ತಂತ್ರಜ್ಞಾನವನ್ನು ಹೇಗೆ ಬಳಸಿದಿರಿ? ಅಂಕದ ಪಟ್ಟಿಯನ್ನೂ ಪ್ರಶ್ನೆಗಳನ್ನೂ ಹಾಗೇ ಇಟ್ಟುಕೊಂಡೆ.

‘ಸೋಪ್ ಅಂದ್ರ ಸಾಬೂನಾ ಸರ್?’ ಅಂತ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ. ಎಲ್ಲರೂ ನಕ್ಕರು. ಹೌದಪ್ಪಾ, ಸಾಬೂನೇ. 1930ರ ದಶಕದಲ್ಲಿ ಅಮೆರಿಕದ ರೇಡಿಯೊದಲ್ಲಿ ಹಗಲು ಹೊತ್ತು ಮನೆವಾರ್ತೆಯ ಹೆಂಗಸರಿಗಾಗಿ ಬರುತ್ತಿದ್ದ ಧಾರಾವಾಹಿಗಳಿಗೆ ಪ್ರಾಕ್ಟರ್ ಆಂಡ್ ಗ್ಯಾಂಬಲ್‌ನಂಥ ಸಾಬೂನು ಕಂಪನಿಗಳು ದುಡ್ಡು ಹಾಕುತ್ತಿದ್ದವು, ಹೆಸರು ಅಂಟಿಕೊಂಡಿತು.

ಪತ್ರಿಕೆಯ ಮುಖಪುಟ ಮಾತ್ರ ನಮಗೆ ಒಗ್ಗಲಿಲ್ಲ. ಟಿವಿ ವೇಳಾಪಟ್ಟಿಗೆಂದೇ ಪತ್ರಿಕೆ ಕೊಳ್ಳುವವರು ನಮ್ಮ ಕಡೆ ಯಾರಿದ್ದಾರೆ? ಅದರ ಬದಲು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುವಂಥ ಉದ್ದನೆಯ ಚಿತ್ರ ಮಾಡಿ ಅಂದೆ. ಇದೊಂದೇ ನಾನು ಮಾಡಿದ ಬದಲಾವಣೆ.

ಮೂರು ಗುಂಪು. ಎರಡನೇ ಗುಂಪಿನವರದು ‘ಡಬಲ್ ಹೊಲಿಗೆ’ ಅನ್ನುವ ಧಾರಾವಾಹಿ. ನಮ್ಮೂರಿನ ಕೌಲ್ ಬಜಾರಿನ ಜೀನ್ಸ್ ಯೂನಿಟ್ಟಿನಲ್ಲಿ ಪೀಸ್ ಲೆಕ್ಕದಲ್ಲಿ ಹೊಲಿಯುವ ಹೆಣ್ಣುಮಗಳೊಬ್ಬಳು ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಮಷಿನ್ ತಂದು ಮನೆಯಲ್ಲಿ ಇಟ್ಟುಕೊಂಡಿರುತ್ತಾಳೆ. ಒಂದು ಸಂಜೆ ಕೆಲಸದಿಂದ ಬಂದು ನೋಡಿದರೆ ಮಷಿನ್ ಇಲ್ಲ. ನೆಲದ ಮೇಲೆ ನಾಲ್ಕು ಕಾಲಿನ ಗುರುತು, ಒಂದಿಷ್ಟು ಎಣ್ಣೆಯ ಕಲೆ. ಪ್ರೋಮೊ ನಲವತ್ತು ಸೆಕೆಂಡ್. ಗುಂಪಿನ ಒಬ್ಬ ಹುಡುಗಿಯ ಚಿಕ್ಕಮ್ಮ ನಿಜವಾಗಿಯೂ ಯೂನಿಟ್ಟಿನಲ್ಲಿ ಹೊಲಿಯುವವರು, ನಟಿಸಿದ್ದೂ ಅವರೇ.

ಚಿತ್ರೀಕರಣದ ಕಷ್ಟ ಹೇಳತೀರದು. ಏಪ್ರಿಲ್ ತಿಂಗಳ ಬಳ್ಳಾರಿ, ತಗಡಿನ ಮಾಡು. ಮೊಬೈಲ್ ಕಾದು ಮೂರು ಸಲ ತಾನೇ ಆಫ್ ಆಯಿತು. ಶೂಟ್ ಮಾಡಿದ್ದನ್ನು ಲ್ಯಾಪ್‌ಟಾಪಿಗೆ ಹಾಕಿದರೆ ಟ್ಯೂಬ್‌ಲೈಟ್ ಇದ್ದ ದೃಶ್ಯಗಳಲ್ಲೆಲ್ಲ ಕಪ್ಪು ಪಟ್ಟಿಗಳು ಅಲೆಅಲೆಯಾಗಿ ಓಡುತ್ತಿದ್ದವು. ಮೊಬೈಲ್ ಕೆಟ್ಟಿದೆ ಅಂದುಕೊಂಡಿದ್ದರು. ಕೆಟ್ಟಿರಲಿಲ್ಲ. ನಮ್ಮ ಕರೆಂಟು 50 ಹರ್ಟ್ಜ್. ಆ ಕರೆಂಟಿನಲ್ಲಿ ಚೋಕಿನ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್, ಅಂದರೆ ಒಂದೊಂದು ಫ್ರೇಮಿಗೆ ಕ್ಯಾಮೆರಾ ಬೆಳಕು ತೆಗೆದುಕೊಳ್ಳುವ ಹೊತ್ತು, 1/60 ಸೆಕೆಂಡಿನಲ್ಲಿ ಇದ್ದರೆ ಎರಡಕ್ಕೂ ತಾಳ ತಪ್ಪುತ್ತದೆ. 1/50ಕ್ಕೆ ಇಟ್ಟು ಮತ್ತೆ ಶೂಟ್ ಮಾಡಿಸಿದೆ, ಪಟ್ಟಿ ಹೋಯಿತು. ಮಾತಿನ ಭಾಗವನ್ನು ಹಾಸ್ಟೆಲಿನಲ್ಲಿ ಫ್ಯಾನ್ ಆರಿಸಿ, ತಲೆ ತುಂಬ ರಗ್ಗು ಹೊದ್ದು, ಬೆವರು ಸುರಿಸಿಕೊಂಡು ರೆಕಾರ್ಡ್ ಮಾಡಿದರು. ಇದನ್ನೆಲ್ಲ ತಂತ್ರಜ್ಞಾನದ ನಾಲ್ಕನೇ ಪ್ರಶ್ನೆಗೆ ಬರೆಯಿರಿ ಅಂದರೆ ಮೊದಲು ಬರೆದದ್ದು ಆ್ಯಪುಗಳ ಪಟ್ಟಿ: ವಿಎನ್, ಕೈನ್‌ಮಾಸ್ಟರ್, ಕ್ಯಾನ್ವಾ. ಆ್ಯಪಿನ ಹೆಸರಿಗೆ ನಾನು ಅಂಕ ಕೊಡುವುದಿಲ್ಲ. ಆ ಕಪ್ಪು ಪಟ್ಟಿಯ ಕತೆ ಬರೆದ ಮೇಲೆ ಕೊಟ್ಟೆ.

ಈಗ ನನ್ನ ತಪ್ಪಿನ ವಿಚಾರ. ಮೂರೂ ಪ್ರೋಮೊಗಳನ್ನು ಒಂದೇ ಮಧ್ಯಾಹ್ನ, ಪ್ರೊಜೆಕ್ಟರಿನಲ್ಲಿ, ಒಬ್ಬನೇ ಕೂತು ನೋಡಿ ಪೆನ್ಸಿಲಿನಲ್ಲಿ ಅಂಕ ಹಾಕಿಬಿಟ್ಟೆ. ಮೊದಲ ಗುಂಪಿನವರು ಯಾರದೋ ಒಳ್ಳೆಯ ಕ್ಯಾಮೆರಾ ಬಾಡಿಗೆಗೆ ತಂದಿದ್ದರು. ಬಂಗಲೆ, ರೇಷ್ಮೆ ಸೀರೆ, ತುಳಸಿಕಟ್ಟೆಗೆ ದೀಪ, ಅತ್ತೆಯ ಮುಖ ಮೂರು ಕೋನದಿಂದ ಮೂರು ಸಲ, ಹಿಂದೆ ಗುಡುಗು. ಥೇಟ್ ಟಿವಿಯಲ್ಲಿ ಬಂದ ಹಾಗೇ ಇತ್ತು. 40ಕ್ಕೆ 34 ಹಾಕಿದೆ. ‘ಡಬಲ್ ಹೊಲಿಗೆ’ಗೆ 22. ಕತ್ತಲೆ ಹೆಚ್ಚು, ಭಾಷೆ ಒರಟು ಅಂತ ಪಕ್ಕದಲ್ಲಿ ಗೀಚಿದ್ದೆ. ನಾನು ಹುಟ್ಟಿ ಬೆಳೆದದ್ದು ಇದೇ ಊರಿನಲ್ಲಿ, ನನ್ನವ್ವ ಆಡುವುದೂ ಅದೇ ಮಾತು. ಆದರೂ ಹಾಗೆ ಬರೆದೆ.

ಎರಡನೇ ಪ್ರಶ್ನೆಗೆ, ಮೂರೂ ಸೇರಿ ಎಷ್ಟು ಕೆಲಸ ಮಾಡುತ್ತವೆ ಅನ್ನುವುದಕ್ಕೆ, ಒಂದು ಆಟ ಮಾಡಿದೆ. ಮೂರು ಗುಂಪುಗಳ ಪೋಸ್ಟರ್, ಸ್ಟೇಟಸ್ ಚಿತ್ರಗಳನ್ನು ಹೆಸರು ಮರೆಮಾಡಿ ಮೇಜಿನ ಮೇಲೆ ಕಲೆಸಿ ಹರಡಿದೆ. ನಮ್ಮ ಅಟೆಂಡರನ್ನು ಕರೆದು, ಪ್ರೋಮೊಗಳನ್ನು ತೋರಿಸಿ, ಯಾವುದಕ್ಕೆ ಯಾವುದು ಸೇರುತ್ತದೆ ಹೇಳ್ರಿ ಅಂದೆ. ‘ಡಬಲ್ ಹೊಲಿಗೆ’ಯ ಸ್ಟೇಟಸ್ ಚಿತ್ರವನ್ನು ಅರೆಕ್ಷಣದಲ್ಲಿ ಎತ್ತಿದರು: ನೀಲಿ ಜೀನ್ಸ್ ಬಟ್ಟೆ, ಅದರ ಮೇಲೆ ಕಿತ್ತಳೆ ದಾರದ ಎರಡು ಗೆರೆ, ಒಂದು ಗೆರೆ ನಡುವೆ ಹರಿದಿದೆ. ಪೋಸ್ಟರಿನ ಹತ್ತಿರ ಬಂದಾಗ ತಡವರಿಸಿದರು. ಅದರಲ್ಲಿ ನಾಯಕಿ ಕತ್ತಲಲ್ಲಿ ಕತ್ತರಿ ಹಿಡಿದು ನಿಂತಿದ್ದಳು. ‘ಇದು ದೆವ್ವದ ಸೀರಿಯಲ್ ಅಲ್ಲೇನ್ರಿ ಸರ್?’ ಅಂದರು. ಗುಂಪಿನವರ ಮುಖ ಸಪ್ಪಗಾಯಿತು. ಮೊದಲ ಗುಂಪಿನ ಪೋಸ್ಟರನ್ನೂ ಮೂರನೆಯವರದನ್ನೂ ಅವರು ಅದಲುಬದಲು ಇಟ್ಟರು. ಎರಡರಲ್ಲೂ ರೇಷ್ಮೆ ಸೀರೆಯ ಹೆಣ್ಣು, ಎರಡರಲ್ಲೂ ಕಣ್ಣೀರು.

ನೋಡಿದವರಿಂದ ಏನು ಕಲಿತಿರಿ ಅನ್ನುವ ಮೂರನೇ ಪ್ರಶ್ನೆಯೇ ನನ್ನ ಕಣ್ಣು ತೆರೆಸಿದ್ದು. ಎಲ್ಲ ಗುಂಪುಗಳೂ ಗೂಗಲ್ ಫಾರ್ಮ್ ಮಾಡಿ ಗೆಳೆಯರಿಗೆ ಕಳಿಸಿದ್ದವು. ‘ಪ್ರೋಮೊ ಇಷ್ಟವಾಯಿತೇ?’ ಹೌದು, ಹೌದು, ತುಂಬಾ ಹೌದು. ವೃತ್ತಾಕಾರದ ಬಣ್ಣದ ಚಿತ್ರ ತೆಗೆದು ಅಂಟಿಸಿದ್ದರು. ಇದು ಬೇಡ, ಸೀರಿಯಲ್ ನೋಡುವವರ ಹತ್ತಿರ ಹೋಗಿ ಅಂದೆ. ‘ಡಬಲ್ ಹೊಲಿಗೆ’ಯವರು ಊಟದ ಬಿಡುವಿನಲ್ಲಿ ಯೂನಿಟ್ಟಿಗೇ ಹೋದರು, ನಾನೂ ಜೊತೆಗಿದ್ದೆ. ದಾರ ಕತ್ತರಿಸುವ, ಹೊಲಿಯುವ ಹನ್ನೊಂದು ಜನ. ತೆಲುಗು, ಉರ್ದು, ಕನ್ನಡ ಮೂರೂ ಕಲೆತ ಮಾತು. ಮೊಬೈಲಿನಲ್ಲಿ ತೋರಿಸಿ ‘ಹೆಂಗೈತ್ರಿ ಅಕ್ಕಾ?’ ಅಂತ ಕೇಳಿದರೆ, ‘ಚೆಂದ ಐತ್ರಿ’. ಹನ್ನೊಂದೂ ಜನ ಅದನ್ನೇ ಅಂದರು. ಮನೆಗೆ ಬಂದವರು ಚಹಾ ಹೇಗಿದೆ ಅಂದರೆ ಏನನ್ನುತ್ತಾರೋ ಅದು.

ಆಗ ಪ್ರಶ್ನೆ ಬದಲಿಸಿದೆವು. ಮೊಬೈಲ್ ಕಿಸೆಗೆ ಹಾಕಿ, ಅದೂ ಇದೂ ಮಾತಾಡಿ, ಹತ್ತು ನಿಮಿಷ ಬಿಟ್ಟು ಮೂರೇ ಕೇಳಿದೆವು. ಸೀರಿಯಲ್ಲಿನ ಹೆಸರೇನು? ಎಷ್ಟು ಗಂಟೆಗೆ? ಮುಂದೇನಾಗಬಹುದು? ಹೆಸರನ್ನು ಎಲ್ಲರೂ ಹೇಳಿದರು, ಅದು ಅವರ ಕೆಲಸದ್ದೇ ಮಾತು. ಹೊತ್ತು ಒಬ್ಬರಿಗೂ ನೆನಪಿಲ್ಲ. ಅದು ಕೊನೆಯ ಎರಡು ಸೆಕೆಂಡ್ ಸಣ್ಣ ಅಕ್ಷರದಲ್ಲಿ ಬಂದು ಹೋಗಿತ್ತು. ಮುಂದೇನಾಗಬಹುದು ಅಂದದ್ದಕ್ಕೆ ವಯಸ್ಸಾದ ಒಬ್ಬರು, ‘ಮುಂದೇನೈತಪ್ಪಾ? ಮೈದ್ನ ಅಡ ಇಟ್ಟ. ಮುಗೀತಲ್ಲ!’ ಅಂದರು. ಪ್ರೋಮೊದ ಕೊನೆಗೆ ಮೈದುನನ ಜೇಬಿನಲ್ಲಿ ಅಡವಿನ ಚೀಟಿ ತೋರಿಸಿಬಿಟ್ಟಿದ್ದರು.

ವಾಪಸು ಬರುವಾಗ ಒಗ್ಗರಣೆ-ಮಿರ್ಚಿ ತಿನ್ನುತ್ತ ನಾಟಕ ಕಂಪನಿಗಳ ಮಾತು ಬಂತು. ನಮ್ಮ ಕಡೆ ಜಾತ್ರೆಯಲ್ಲಿ ಕ್ಯಾಂಪ್ ಹಾಕುವ ಕಂಪನಿಯ ಆಟೋ ಮೈಕ್ ಕಟ್ಟಿಕೊಂಡು ಓಣಿ ಓಣಿ ಸುತ್ತುತ್ತದೆ. ನಾಟಕದ ಹೆಸರು, ಹೊತ್ತು, ಜಾಗ. ಮತ್ತೆ ಹೆಸರು, ಹೊತ್ತು, ಜಾಗ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಅದನ್ನು ಕೇಳಿ ಬೆಳೆದ ಹುಡುಗನೊಬ್ಬ ಗುಂಪಿನಲ್ಲಿದ್ದ. ಅಲ್ಲೇ ಕೂತು ಆ ಧಾಟಿಯಲ್ಲಿ ‘ಸೋಮವಾರದಿಂದ ಶುಕ್ರವಾರ, ಸಂಜೆ ಏಳೂವರೆಗೆ’ ಅಂತ ಎರಡು ಸಲ ಹೇಳಿ ತೋರಿಸಿದ. ಅದೇ ದನಿ ಪ್ರೋಮೊಗೆ ಹೋಯಿತು. ಚೀಟಿಯ ದೃಶ್ಯ ತೆಗೆದರು. ಈಗ ಹೊಲಿಗೆ ಮಷಿನ್ನುಗಳ ಕಟಕಟ ಸದ್ದು ಫಕ್ಕನೆ ನಿಲ್ಲುತ್ತದೆ, ಎಣ್ಣೆಯ ಕಲೆ, ಅಷ್ಟೇ. ಮರುವಾರ ಬೇರೆ ಯೂನಿಟ್ಟಿನಲ್ಲಿ ತೋರಿಸಿದಾಗ ಜಗಳವೇ ಶುರುವಾಯಿತು. ‘ಗಂಡನೇ ಮಾರ್ಯಾನ.’ ‘ಏ, ಇಲ್ಲ, ಸಾಲ ಕೊಟ್ಟಾಂವ ಎತ್ತಿಕೊಂಡು ಹೋಗ್ಯಾನ.’ ‘ಅಕಿ ಯಾಕ ಸುಮ್ಕ ನಿಂತಾಳ?’ ಬಿಡುವು ಮುಗಿದರೂ ಮಾತು ನಿಲ್ಲಲಿಲ್ಲ, ಮೇಸ್ತ್ರಿ ಬಂದು ನಮ್ಮನ್ನು ಹೊರಗೆ ಕಳಿಸಿದರು.

ರೂಢಿಯ ಪ್ರಶ್ನೆಗೆ ಅವರ ಉತ್ತರ ಇದರಿಂದಲೇ ಹುಟ್ಟಿತು. ಬ್ರಿಟನ್ನಿನ ಸೋಪುಗಳು, 1960ರಲ್ಲಿ ಶುರುವಾದ ‘ಕೊರೊನೇಷನ್ ಸ್ಟ್ರೀಟ್’ ಥರದವು, ಒಂದು ಬೀದಿಯ ಜನರೆಲ್ಲರ ಕತೆ; ನಮ್ಮವು ಹೆಚ್ಚಾಗಿ ಒಂದು ಮನೆಯ, ಒಬ್ಬ ಸೊಸೆಯ ಕತೆ. ತಾವು ಸೊಸೆಯನ್ನು ಉಳಿಸಿಕೊಂಡು ಮನೆಯಾಚೆಗೆ ಯೂನಿಟ್ಟನ್ನು ತಂದೆವು, ಅವಳ ಕೈಲಿ ಕಣ್ಣೀರು ಹಾಕಿಸಲಿಲ್ಲ ಅಂತ ಬರೆದರು. ಮೊದಲ ಪ್ರತಿಯಲ್ಲಿ ನಾಯಕಿ ‘ನಾನು ನಿಮ್ಮನ್ನು ಎಂದಿಗೂ ಕ್ಷಮಿಸುವುದಿಲ್ಲ’ ಅನ್ನಬೇಕಿತ್ತಂತೆ. ಚಿಕ್ಕಮ್ಮ ‘ಹಂಗ ಯಾರ್ ಮಾತಾಡ್ತಾರ?’ ಅಂದು, ‘ನನ್ನ ಮಷಿನ್ ಎಲ್ಲಿ?’ ಅಂತಷ್ಟೇ ಹೇಳಿದರಂತೆ.

ಕೊನೆಗೆ ಅವರಿಗೆ ತಯಾರಿಗೆ 13, ಪ್ರೋಮೊಗೆ 29, ಪೋಸ್ಟರಿಗೆ 6, ಸ್ಟೇಟಸ್ ಚಿತ್ರಕ್ಕೆ 8, ಮೌಲ್ಯಮಾಪನಕ್ಕೆ 16, ಒಟ್ಟು 72. ಕತ್ತಲೆಗೆ ಕಳೆದ ಅಂಕವನ್ನು ವಾಪಸು ಕೊಡಲಿಲ್ಲ, ಕತ್ತಲೆ ಕತ್ತಲೆಯೇ. ಮೊದಲ ಗುಂಪಿನ 34, ಅವರ ನೋಡುಗರಿಗೆ ಅದೇ ಮೂರು ಪ್ರಶ್ನೆ ಕೇಳಿದ ಮೇಲೆ 27ಕ್ಕೆ ಇಳಿಯಿತು.

ಅವರು ಸುಮ್ಮನಿರಲಿಲ್ಲ. ಪೆನ್ಸಿಲಿನ ಅಂಕ ಅದು ಹೇಗೋ ಅವರಿಗೆ ಗೊತ್ತಾಗಿತ್ತು. ‘ಸರ್, 34 ಯಾಕ ಕೊಟ್ಟಿದ್ರಿ, ಅದನ್ನರ ಹೇಳ್ರಿ’ ಅಂತ ಸ್ಟಾಫ್ ರೂಮಿಗೇ ಬಂದರು. ಹಾಳೆ ಹುಡುಕಿ ತೆಗೆದೆ. ಅಂಕದ ಮುಂದೆ ನನ್ನದೇ ಅಕ್ಷರದಲ್ಲಿ ಒಂದೇ ಪದ ಇತ್ತು: ‘ಚೆನ್ನಾಗಿದೆ’.