ಎಎಫ್‌ಪಿ ರಿಪೋರ್ಟ್ ಕೈಗೆ ಬಂದಾಗ ಹೀಗೆ ಓದಿ

ಮೊದಲು ನಂಬರ್ ಅಲ್ಲ, ಅದರ ಪಕ್ಕದ ಯೂನಿಟ್ ನೋಡಿ. ಎಎಫ್‌ಪಿ, ಅಂದ್ರೆ ಆಲ್ಫಾ ಫೀಟೋಪ್ರೋಟೀನ್ (ಲಿವರ್ ಕ್ಯಾನ್ಸರ್ ಸುಳಿವಿಗಾಗಿ ರಕ್ತದಲ್ಲಿ ಅಳೆಯೋ ಪ್ರೋಟೀನ್), ಕೆಲವು ಲ್ಯಾಬ್‌ಗಳಲ್ಲಿ ನ್ಯಾನೋಗ್ರಾಂನಲ್ಲಿ ಬರುತ್ತೆ, ಕೆಲವು ಕಡೆ ಇಂಟರ್‌ನ್ಯಾಷನಲ್ ಯೂನಿಟ್‌ನಲ್ಲಿ. ಒಂದು ಯೂನಿಟ್ ಅಂದ್ರೆ ಸುಮಾರು 1.2 ನ್ಯಾನೋಗ್ರಾಂ. ಇದನ್ನು ಗಮನಿಸದೆ ಹಳೇ ರಿಪೋರ್ಟ್ ಜೊತೆ ಹೋಲಿಸಿ ಸುಮ್ನೆ ಗಾಬರಿಯಾಗೋರು ಜಾಸ್ತಿ.

ಸಾಮಾನ್ಯವಾಗಿ ಮಿಲಿಲೀಟರ್‌ಗೆ 10 ನ್ಯಾನೋಗ್ರಾಂ ಒಳಗಿದ್ದರೆ ನಾರ್ಮಲ್. 35 ಬಂತು ಅಂದ ಮಾತ್ರಕ್ಕೆ ಕ್ಯಾನ್ಸರ್ ಅಲ್ಲ: ಹೆಪಟೈಟಿಸ್ (ಲಿವರ್ ಉರಿಯೂತ) ಕೆರಳಿದ್ದರೂ, ಸಿರೋಸಿಸ್ (ಲಿವರ್ ಕಲೆಗಟ್ಟಿ ಗಟ್ಟಿಯಾಗೋದು) ಇದ್ದರೂ, ಗರ್ಭಿಣಿಯಾಗಿದ್ದರೂ ಏರುತ್ತೆ. ಹಾಗಾಗಿ ಒಂದೇ ರಿಪೋರ್ಟ್ ಹಿಡಿದು ಕೂರಬೇಡಿ, ಕಳೆದ ಮೂರ್ನಾಲ್ಕು ರಿಪೋರ್ಟ್‌ಗಳನ್ನು ದಿನಾಂಕದ ಪ್ರಕಾರ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. 12, 14, 11 ಅಂತ ಅಲ್ಲಲ್ಲೇ ಓಲಾಡೋದು ಬೇರೆ, 12, 30, 85 ಅಂತ ಹತ್ತೋದು ಬೇರೆ, ಅಲ್ವಾ? ಎರಡನೆಯದಾದರೆ ಕಾಯಬೇಡಿ. 400 ದಾಟಿದರಂತೂ ಕೂಡಲೇ ಸಿಟಿ ಅಥವಾ ಎಂಆರ್‌ಐ ಬಗ್ಗೆ ಡಾಕ್ಟರ್ ಹತ್ತಿರ ಮಾತಾಡಿ.

ಉಲ್ಟಾನೂ ನಿಜ. ಲಿವರ್ ಕ್ಯಾನ್ಸರ್ ಇರುವ ಎಷ್ಟೋ ಜನರಲ್ಲಿ, ಅದರಲ್ಲೂ ಗಡ್ಡೆ ಚಿಕ್ಕದಿದ್ದಾಗ, ಎಎಫ್‌ಪಿ ಏರೋದೇ ಇಲ್ಲ. ಸಿರೋಸಿಸ್ ಇರೋರು 6 ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸಲೇಬೇಕು, ರಕ್ತಪರೀಕ್ಷೆ ಅದರ ಜೊತೆಗೆ, ಅದರ ಬದಲಿಗೆ ಅಲ್ಲ.

ರಿಪೋರ್ಟ್‌ನಲ್ಲಿ ಎಎಫ್‌ಪಿ-ಎಲ್3 (ಎಎಫ್‌ಪಿಯದೇ ಒಂದು ಬಗೆ) ಇದ್ದರೆ ಒಟ್ಟು ಎಎಫ್‌ಪಿಯಲ್ಲಿ ಅದರ ಶೇಕಡಾವಾರು ನೋಡಿ, 10ಕ್ಕಿಂತ ಹೆಚ್ಚಿದ್ದರೆ ಅನುಮಾನ ಜಾಸ್ತಿ. ಪಿವ್ಕಾ-2 ಲಿವರ್ ಕ್ಯಾನ್ಸರ್‌ನಲ್ಲಿ ಏರೋ ಇನ್ನೊಂದು ಪ್ರೋಟೀನ್. ಇದರಲ್ಲಿ ಒಂದು ತಮಾಷೆ ಇದೆ: ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತಗೊಳ್ಳೋರಿಗೆ, ವಿಟಮಿನ್ ಕೆ ಕಡಿಮೆ ಇರೋರಿಗೆ ಗಡ್ಡೆ ಇಲ್ಲದೆಯೂ ಇದು ಏರುತ್ತೆ. ರಕ್ತ ಕೊಡೋ ಮೊದಲೇ ನಿಮ್ಮ ಮಾತ್ರೆಗಳ ಪಟ್ಟಿ ತೋರಿಸಿಬಿಡಿ.