ಲೈಟ್ ಕಂಬದ ನಂಬರ್ ಜಪಿಸುತ್ತ 50 ಕಿಲೋಮೀಟರ್

ನಗರಸಭೆ ಅಧ್ಯಕ್ಷೆಯಾದ ಮೊದಲ ತಿಂಗಳು ನಾನು ಒಂದು ದಿನವೂ ಓಡಲಿಲ್ಲ. ಅದಕ್ಕೂ ಮುಂಚೆ ಆರು ವರ್ಷ ತಪ್ಪದೆ ಓಡಿದವಳು. ಬೆಳಿಗ್ಗೆ ಏಳಕ್ಕೆಲ್ಲ ಜನ ಬಾಗಿಲಿಗೆ ಬರುತ್ತಿದ್ದರು. ಖಾತೆ ಆಗಿಲ್ಲ, ಯುಜಿಡಿ (ಒಳಚರಂಡಿ) ಉಕ್ಕಿದೆ, ನೀರು ಬಂದಿಲ್ಲ. ಅವರನ್ನು ಕಾಯಿಸಿ ಓಡಲು ಹೋಗುವುದು ನನ್ನಿಂದಾಗದ ಮಾತು. ಹಾಗಾಗಿ ನಾಲ್ಕೂವರೆಗೆ ಮನೆ ಬಿಡತೊಡಗಿದೆ.

ಮೊದಲೆಲ್ಲ ತಾಲ್ಲೂಕು ಕ್ರೀಡಾಂಗಣದಲ್ಲಿ ಸುತ್ತು ಹಾಕುತ್ತಿದ್ದೆ. ಈಗ 50 ಕಿ.ಮೀ. ಓಟದ ತಯಾರಿಗೆ ವಾರ್ಡುಗಳ ಒಳಗೇ ಓಡಿದೆ. ಮಂಗಳವಾರ, ಗುರುವಾರ, ಶನಿವಾರ ಎಂಟರಿಂದ ಹತ್ತು ಕಿ.ಮೀ. ಭಾನುವಾರ ಕೆರೆ ಏರಿ ದಾಟಿ ಗುಡ್ಡದ ಕಡೆಗೆ, ಇಪ್ಪತ್ತರಿಂದ ಶುರುಮಾಡಿ ಮೂವತ್ತೈದರ ತನಕ. ಮೂರು ವಾರ ಎರಡೆರಡು ಕಿ.ಮೀ. ಏರಿಸಿ, ನಾಲ್ಕನೇ ವಾರ ಇಳಿಸುತ್ತಿದ್ದೆ. ಭಾನುವಾರ ಮಾತ್ರ ಫೋನ್ ಮನೆಯಲ್ಲೇ. ಹೊರಡುವ ಮುನ್ನ ಅತ್ತೆ ಕಾಸಿಟ್ಟ ರಾಗಿ ಅಂಬಲಿ, ಸೊಂಟದ ಚೀಲದಲ್ಲಿ ಬೆಲ್ಲ, ಉಪ್ಪು.

ಕತ್ತಲಲ್ಲಿ ಓಡುವ ಹೆಂಗಸಿಗೆ ಬೀದಿದೀಪ ಏನೆಂದು ಕಾಲಿಗೇ ಗೊತ್ತಾಗುತ್ತದೆ. ಆರಿದ ದೀಪದ ಕಂಬ ಸಿಕ್ಕರೆ ಟಾರ್ಚ್ ಬೆಳಕು ಬಿಟ್ಟು ನಂಬರ್ ನೋಡಿ, ಮನೆ ಮುಟ್ಟುವ ತನಕ ಉಸಿರಿನ ಲಯಕ್ಕೆ ಅದನ್ನೇ ಹೇಳಿಕೊಳ್ಳುತ್ತಿದ್ದೆ. ಬರೆದುಕೊಳ್ಳಲು ನಿಂತರೆ ಓಟ ಮುರಿಯುತ್ತದೆ. ಒಮ್ಮೆ ಚಪ್ಪಡಿ ಕಿತ್ತ ಚರಂಡಿಗೆ ಕಾಲಿಟ್ಟು ಪಾದ ಉಳುಕಿ ಐದು ವಾರ ಮನೆಯಲ್ಲೇ ಕೂತೆ.

ಆದರೆ ನನ್ನನ್ನು ನಿಲ್ಲಿಸಿದ್ದು ಬೇರೆಯದೇ. ಒಂದು ಗುರುವಾರ, ಇನ್ನೂ ಐದಾಗಿಲ್ಲ. ಊರ ತುದಿಯ ವಾರ್ಡಿನ ನಲ್ಲಿಕಟ್ಟೆಗೆ ಒರಗಿ, ಮಡಿಲಲ್ಲಿ ಪ್ಲಾಸ್ಟಿಕ್ ಕೊಡ ತಬ್ಬಿಕೊಂಡು ಒಬ್ಬ ಅಜ್ಜಿ ತೂಕಡಿಸುತ್ತಿದ್ದರು. ಹಿಂದೆ ಸಾಲಾಗಿ ಕೊಡಗಳು. "ಎಷ್ಟೊತ್ತಿಗೆ ಎದ್ರಿ ಅಜ್ಜಿ?" ಎಂದೆ. "ಮಲಗಿದ್ರಲ್ಲೇನವ್ವ ಏಳೋದು" ಅಂದರು. ಆ ವಾರ್ಡಿಗೆ ನೀರು ಎಂಟು ದಿನಕ್ಕೊಮ್ಮೆ. ಕಚೇರಿಯ ಪಟ್ಟಿಯಲ್ಲಿ ಬಿಡುವ ಹೊತ್ತು ಬೆಳಿಗ್ಗೆ ಆರು. ನೀರುಗಂಟಿಯನ್ನು ಕೇಳಿದರೆ, ಟ್ಯಾಂಕ್ ರಾತ್ರಿ ಎಷ್ಟೊತ್ತಿಗೆ ತುಂಬುತ್ತದೋ ಆಗಲೇ ಬಿಡಬೇಕು, ಇಲ್ಲವಾದರೆ ಉಕ್ಕಿ ಹರಿಯುತ್ತದೆ ಎಂದ. ಅವನದು ತಪ್ಪಲ್ಲ. ಪಂಪ್ ಓಡಿಸುವ ಸಮಯವನ್ನೇ ಬದಲಿಸಬೇಕಿತ್ತು.

ಅಷ್ಟಕ್ಕೆ ನಾಲ್ಕು ತಿಂಗಳು ಹಿಡಿಯಿತು. ಅಧ್ಯಕ್ಷೆ ಸಭೆ ನಡೆಸಿ ನಿರ್ಣಯ ಮಾಡಿಸಬಹುದು, ಜಾರಿಗೆ ತರುವುದು ಪೌರಾಯುಕ್ತರು. ನಮ್ಮ ಅವಧಿಯೋ 30 ತಿಂಗಳು. ಬೆಂಗಳೂರು ಬಿಟ್ಟು ರಾಜ್ಯದ ಉಳಿದ ಮಹಾನಗರ ಪಾಲಿಕೆಗಳ ಮೇಯರ್‌ಗಳಿಗೆ ಒಂದೇ ವರ್ಷ, ಅವರು ಹೇಗೆ ಕೆಲಸ ಮಾಡುತ್ತಾರೋ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಆ ನಾಲ್ಕು ತಿಂಗಳೂ ಪ್ರತಿ ಗುರುವಾರ ಅದೇ ನಲ್ಲಿಕಟ್ಟೆಯ ದಾರಿಯಲ್ಲೇ ಓಡಿದೆ. ಮರೆಯಬಾರದು ಅಂತ. ಐದನೇ ತಿಂಗಳು ಆ ಹೊತ್ತಿಗೆ ಕಟ್ಟೆ ಖಾಲಿ ಇತ್ತು. ಓಡುತ್ತಲೇ ಅತ್ತುಬಿಟ್ಟೆ.

ಅಧ್ಯಕ್ಷೆ ಹೀಗೆ ಬೀದಿಯಲ್ಲಿ ಓಡುವುದು ಚೆಂದವೇ ಎಂದು ಸದಸ್ಯರೊಬ್ಬರು ಕೇಳಿದ್ದರು. 2006ರಿಂದ 2011ರವರೆಗೆ ಚೆನ್ನೈ ಮೇಯರ್ ಆಗಿದ್ದ ಮಾ. ಸುಬ್ರಮಣಿಯನ್ ನೂರಕ್ಕೂ ಹೆಚ್ಚು ಹಾಫ್ ಮ್ಯಾರಥಾನ್ ಓಡಿದ್ದಾರೆ ಎಂದೆ. ಅವರು ಮತ್ತೆ ಕೇಳಲಿಲ್ಲ.

ಚಿಕ್ಕಮಗಳೂರಿನ ಮಲ್ನಾಡ್ ಅಲ್ಟ್ರಾ ಎಂಬ ದೂರದ ಓಟದ ಸ್ಪರ್ಧೆಯಲ್ಲಿ ಹೆಸರು ಕೊಟ್ಟಿದ್ದು 50 ಕಿ.ಮೀ.ಗೆ. ಕಾಫಿ ತೋಟದ ದಾರಿ, ಏರು ಮುಗಿಯಿತೆಂದರೆ ಇಳಿಜಾರು, ಮತ್ತೆ ಏರು. ಬಯಲುಸೀಮೆಯ ನನ್ನ ಮೊಣಕಾಲಿಗೆ ಇಳಿಜಾರೇ ಕಷ್ಟವಾಯಿತು. ಏರುಗಳನ್ನೆಲ್ಲ ನಡೆದೇ ಹತ್ತಿದೆ, ಮೊದಲೇ ಹಾಗಂತ ನಿರ್ಧರಿಸಿದ್ದೆ. ನಲವತ್ತು ಕಿ.ಮೀ. ದಾಟಿದ ಮೇಲೆ ತೊಡೆ ಕಲ್ಲಾಯಿತು. ಆಗ ನಾಲಿಗೆಗೆ ಬಂದದ್ದು ಇನ್ನೂ ದೀಪ ಹತ್ತದ ಕಂಬಗಳು. ಹದಿನೇಳನೇ ವಾರ್ಡು, 212. ಹದಿನೇಳು, 214. ನಂಬರಿಗೊಂದು ಹೆಜ್ಜೆ.

ಒಂಬತ್ತು ತಾಸು ಇಪ್ಪತ್ತು ನಿಮಿಷಕ್ಕೆ ಮುಟ್ಟಿದೆ. ಹುಲ್ಲಿನ ಮೇಲೆ ಕೂತು, ಕಾಯುತ್ತಿದ್ದ ಮನೆಯವರ ಕೈಯಿಂದ ಫೋನ್ ತೆಗೆದುಕೊಂಡೆ. ಮೊದಲ ಮೆಸೇಜು ನೀರುಗಂಟಿಯದು: "ಮೇಡಮ್ಮೋರೆ, ಮೋಟ್ರು ಸುಟ್ಟೈತಿ." ಶೂ ಲೇಸ್ ಬಿಚ್ಚುತ್ತಲೇ ಇಂಜಿನಿಯರಿಗೆ ಫೋನ್ ಹಚ್ಚಿದೆ.